ಒಳಗೆ ಕೂತು ನೋಡದ ಎಡಗಡೆ ಕನ್ನಡಿ

ಹಳೆಯ ಸಣ್ಣ ಕಾರುಗಳಲ್ಲಿ ಎಷ್ಟೋ ಕಾರುಗಳು ಎಡಗಡೆ ಕನ್ನಡಿಯೇ ಇಲ್ಲದೆ ಕಾರ್ಖಾನೆಯಿಂದ ಹೊರಬಂದವು. ಕೊಂಡವರು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ. ಎಡಗಡೆ ಬರುವವನು ಸೈಕಲ್ಲಿನವನು, ಮೊಪೆಡ್ಡಿನವನು, ಹುಲ್ಲಿನ ಹೊರೆ ಹೊತ್ತವಳು. ಅವರನ್ನು ನೋಡುವುದಕ್ಕೆ ಒಂದು ಕನ್ನಡಿ ಬೇರೆ ಕೇಡು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ಆ ಇಲ್ಲದ ಕನ್ನಡಿಯನ್ನು ಕೂರಿಸಿಕೊಡುವುದೇ ಚನ್ನರಾಯಪಟ್ಟಣದ ನಟರಾಜುವಿನ ಕಸುಬು. ನುಗ್ಗೇಹಳ್ಳಿ ಕಡೆಯವನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹಾಸನದ ಗ್ಯಾರೇಜೊಂದರಲ್ಲಿ ಕೆಲಸ ಕಲಿತ. ಈಗ ಇಪ್ಪತ್ತೆರಡು ವರ್ಷದಿಂದ ಸ್ವಂತದ ತಗಡಿನ ಶೆಡ್ಡು. ಹಳೆ ಕಾರಿಗೆ ಅದರದೇ ಕನ್ನಡಿ ಸಿಗುವ ಕಾಲ ಹೋಯಿತು. ಗುಜರಿಯಲ್ಲಿ ಸಿಗುವುದು ಬೇರೆ ಕಾರಿನದು. ಅದರ ಬುಡ ಕೊಯ್ದು, ತೂತು ಬದಲಿಸಿ, ಸಂದಿಗೆ ಟ್ಯೂಬಿನ ರಬ್ಬರು ಕೊಟ್ಟು ಅವನು ಬಿಗಿದನೆಂದರೆ ಬಾಗಿಲು ಕಿತ್ತು ಬಂದೀತು, ಕನ್ನಡಿ ಬಾರದು. ‘ನಟರಾಜುನ್ ಕೈಗೆ ಕೊಟ್ರೆ ಎಮ್ಮೆಗೂ ಕುದ್ರೆ ಕಿವಿ ಕೂರುಸ್ತಾನೆ’ ಎಂದು ಪಕ್ಕದಲ್ಲಿ ಡೆಂಟು ತೆಗೆಯುವ ದೇವರಾಜು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ಅವನದೊಂದು ನೇಮವಿತ್ತು. ಗ್ರೀಸು ಮೆತ್ತಿದ ಬಟ್ಟೆಯಲ್ಲಿ ಗಿರಾಕಿಯ ಸೀಟಿನ ಮೇಲೆ ಕೂರುವಂತಿಲ್ಲ. ಹಾಸನದಲ್ಲಿ ಕಲಿಯುವಾಗ ಒಮ್ಮೆ ಕೂತು ಏಟು ತಿಂದಿದ್ದ. ಆಮೇಲೆ ಅದೇ ಮರ್ಯಾದೆಯಾಯಿತು. ಕನ್ನಡಿ ಬಿಗಿದ ಮೇಲೆ ಹೊರಗೆ ನಿಂತೇ ಒಮ್ಮೆ ನೋಡುವನು, ಕೈಯಲ್ಲಿ ಹಿಡಿದು ಮೂರು ಸಲ ಅಲ್ಲಾಡಿಸುವನು. ಅಲ್ಲಾಡಲಿಲ್ಲವೋ, ಕೆಲಸ ಮುಗಿಯಿತು.

ಹೋದ ವರ್ಷ ಹೊಳೆನರಸೀಪುರದಿಂದ ಮೈತ್ರೇಯಿ ಎಂಬ ಹೈಸ್ಕೂಲು ಮೇಡಂ ಗಂಡನ ಜೊತೆ ಬಂದರು. ಗಂಡ ಆತ್ರೇಯ ಬ್ಯಾಂಕಿನವರು. ಕಾರು ಆಕೆಯ ಮಾವನ ಕಾಲದ್ದು. ನಲವತ್ತಮೂರನೇ ವಯಸ್ಸಿಗೆ ಡ್ರೈವಿಂಗ್ ಕಲಿತ ಆಕೆ ತಾನಾಗಿ ಕೇಳಿದ್ದು ಒಂದೇ, ಎಡಗಡೆಗೊಂದು ಕನ್ನಡಿ. ನಟರಾಜು ದೊಡ್ಡ ಕಾರಿನದೊಂದನ್ನು ಕೂರಿಸಿದ. ಬಾಗಿಲಿನ ಇಳಿಜಾರಿಗೆ ಬುಡ ಹೊಂದದ್ದಕ್ಕೆ ಅದರಡಿ ರಬ್ಬರು ಎರಡು ಪದರ ಕೊಟ್ಟ. ಆಕೆ ಒಳಗೆ ಕೂತು, ಕನ್ನಡಿಯ ಗಾಜನ್ನು ಆದಷ್ಟೂ ಕೆಳಗೆ ತಿರುಗಿಸಿ ನೋಡಿದರು.

“ನಟರಾಜು ಅವರೇ, ದೂರದ ತೆಂಗಿನಮರ ಕಾಣತ್ತೆ. ಪಕ್ಕದ ರಸ್ತೇನೇ ಕಾಣ್ತಿಲ್ವಲ್ಲ?”

ನಟರಾಜು ಹೊರಗೆ ನಿಂತೇ ನೋಡಿದ. ನಿಂತವನ ಕಣ್ಣಿಗೆ ರಸ್ತೆ ಸೊಗಸಾಗಿ ಕಂಡಿತು. “ಎಲ್ಲಾ ಕಾಣ್ತದಲ್ಲ ಮೇಡಂ. ಓಸ್ದಾಗಿ ಕಲ್ತೋರ್ಗೆ ಅಂಗೇ ಅನ್ಸದು. ನಾಕ್ ದಿನ ಓಡ್ಸಿ, ಕಣ್ಣು ಒಂದ್ಕೊತದೆ.”

“ಕಣ್ಣಿಗೆ ಕನ್ನಡಕ ಇದೆ, ಕಾರಿಗೆ ಕನ್ನಡಿ ಆಯ್ತು. ಇನ್ನು ಧೈರ್ಯ ಒಂದನ್ನ ಎಲ್ಲಿ ಕೂರಿಸ್ತಾರೋ ವಿಚಾರಿಸ್ಬೇಕು,” ಎಂದು ಆತ್ರೇಯ ನಕ್ಕರು. ನಟರಾಜುವೂ ನಕ್ಕ. ಇಬ್ಬರು ಗಂಡಸರು ನಕ್ಕ ಮೇಲೆ ಆಕೆಯೂ ನಗಲೇಬೇಕಾಯಿತು.

ಹನ್ನೊಂದು ದಿನವಾದ ಮೇಲೆ ಮೈತ್ರೇಯಿ ಅತ್ತೆ ಅಂಬುಜಮ್ಮನನ್ನು ಕೂರಿಸಿಕೊಂಡು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೊರಟರು. ಅರಕಲಗೂಡು ಇನ್ನೂ ಎರಡು ಮೈಲಿಯಿದೆ ಎನ್ನುವಾಗ ಪರಿಚಯದವರ ಮನೆಗೆಂದು ಎಡಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿದರು, ನಿಧಾನ ಮಾಡಿದರು, ಎಡಗಡೆ ಕನ್ನಡಿ ನೋಡಿದರು. ಖಾಲಿ. ತಿರುಗಿಸಿದರು. ಪಕ್ಕದಲ್ಲೇ ಮೊಪೆಡ್ಡಿನಲ್ಲಿ ಡೈರಿಗೆ ಹಾಲು ಕೊಂಡೊಯ್ಯುತ್ತಿದ್ದ ತಮ್ಮಯ್ಯ ಬಾಗಿಲಿಗೆ ಬಡಿದು ಬಿದ್ದ. ಜೀವ ಉಳಿಯಿತು. ಮೊಣಕಾಲು ಉಳಿಯಲಿಲ್ಲ; ಅರವತ್ತರ ಆ ಮನುಷ್ಯ ಇನ್ನು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾರ.

“ಎಂಗುಸ್ರು ಕೈಗೆ ಗಾಡಿ ಕೊಟ್ರೆ ಇನ್ನೇನಾದದು,” ಎಂದಿತು ಸೇರಿದ ಜನ. ನಾನೇ ಸರಿಯಾಗಿ ನೋಡಲಿಲ್ಲ ಎಂದು ಮೈತ್ರೇಯಿ ಪೊಲೀಸರಿಗೆ ಬರೆದುಕೊಟ್ಟರು.

ಡೆಂಟು ತೆಗೆಸಲು ಕಾರು ದೇವರಾಜುವಿನ ಶೆಡ್ಡಿಗೇ ಬಂತು. ಬಾಗಿಲು ಒಳಕ್ಕೆ ಹೋಗಿತ್ತು. ಕನ್ನಡಿ ಮಾತ್ರ ಕದಲಿರಲಿಲ್ಲ. ಅಷ್ಟು ಗಟ್ಟಿ ಕೆಲಸ. ನಟರಾಜು ಆ ದಿನ ಹಿರೀಸಾವೆಯಲ್ಲಿ ಯಾರದೋ ಮದುವೆ ಊಟ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದಿದ್ದ. ಗಾಡಿ ಬಿಸಿಲಿಗಿದೆ, ಸ್ವಲ್ಪ ನೆರಳಿಗೆ ತಗೋ ಎಂದ ದೇವರಾಜು. ಬಟ್ಟೆ ಶುದ್ಧವಾಗಿತ್ತು. ಕೂತ.

ಎಡಗಡೆ ನೋಡಿದ. ಕರೆಂಟಿನ ತಂತಿ, ತೆಂಗಿನ ಗರಿ, ಆಚೆ ಬೀದಿಯ ಮಾಳಿಗೆ ಕಂಡವು. ಜೊತೆಗೆ ಬಂದಿದ್ದ ಹೆಂಡತಿ ಧನಲಕ್ಷ್ಮಿಯನ್ನು ಕೂಗಿದ.

“ಲೇ, ಎಡ್ಗಡೆ ಹಿಂದ್ಲ ಬಾಗ್ಲು ಅತ್ರ ಬಂದು ನಿಂತ್ಕೊ.”

“ನಿಂತಿವ್ನಲ್ಲ.”

“ಎಲ್ಲಿ ನಿಂತಿದ್ದೀಯೆ?”

“ಇಲ್ಲೇ ಕಣ್ರೀ, ಬಾಗ್ಲು ಮುಟ್ಕೊಂಡು. ಮದ್ವೆ ಮನೇಲಿ ಏನ್ ಕುಡುದ್ರಿ?”

ಅವನು ಕೈ ಚಾಚಿ ಕನ್ನಡಿಯ ಗಾಜನ್ನು ಕೆಳಕ್ಕೆ ಒತ್ತಿದ, ಇನ್ನೂ ಒತ್ತಿದ. ಅದು ಮುಂದೆ ಬಗ್ಗಲಿಲ್ಲ. ಧನಲಕ್ಷ್ಮಿಯ ನೆತ್ತಿಯ ಮೇಲಿನ ಹೂವು ಕೂಡ ಆ ಕನ್ನಡಿಯಲ್ಲಿ ಸಿಕ್ಕಲಿಲ್ಲ. ಸೀಟಿನಲ್ಲಿ ಕೂತವರ ಕಣ್ಣು ನಿಂತವರ ಕಣ್ಣಿಗಿಂತ ಕೆಳಗಿರುತ್ತದೆ ಎಂಬ, ಕೂಸಿಗೂ ತಿಳಿದ ಮಾತು ಇಪ್ಪತ್ತೆರಡು ವರ್ಷದ ಕಸುಬುದಾರನಿಗೆ ಅಂದು ತಿಳಿಯಿತು.

ಆಗಲೇ ಮೇಡಂಗೆ ಫೋನು ಮಾಡಿದ್ದರೆ ಅದು ಬರೀ ತಪ್ಪಾಗಿ ಉಳಿಯುತ್ತಿತ್ತು. ನಟರಾಜು ಹಾಗೆ ಮಾಡಲಿಲ್ಲ. ದೇವರಾಜು ಟೀಗೆ ಹೋದ ಹೊತ್ತಿನಲ್ಲಿ ಕನ್ನಡಿ ಬಿಚ್ಚಿದ, ರಬ್ಬರಿನ ಎರಡೂ ಪದರ ಕಿತ್ತೆಸೆದ, ಬುಡಕ್ಕೆ ಬೇರೆ ತಗಡು ಬಗ್ಗಿಸಿ ಸರಿಯಾಗಿ ಕೂರಿಸಿದ. ತಪ್ಪು ಮಾಡಿದ ಕೈಗೇ ಅದನ್ನು ಅಳಿಸುವ ಚಳಕವೂ ಇತ್ತು. ಆ ಕನ್ನಡಿ ಕುರುಡಾಗಿತ್ತು ಎಂಬುದಕ್ಕೆ ಇನ್ನು ಲೋಕದಲ್ಲಿ ಗುರುತಿಲ್ಲ.

ಕಾರು ಒಯ್ಯಲು ಬಂದ ಆತ್ರೇಯ, “ಇನ್ನು ಇದನ್ನ ಕವರ್ ಹಾಕಿ ಇಟ್ಬಿಡ್ತೀನಿ. ಅವಳು ಕೀಲಿ ಕೂಡ ಮುಟ್ಟಲ್ಲ ಅಂತಿದಾಳೆ,” ಎಂದರು. ನಟರಾಜು ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

“ಓಗಿ ಯೋಳ್ಬುಡಿ,” ಎಂದಳು ಧನಲಕ್ಷ್ಮಿ, ಮನೆಯಲ್ಲಿ.

“ಯೋಳಿದ್ರೆ ನಾಳಿಂದ ಯಾವನ್ ಬತ್ತಾನೆ ಅಂಗ್ಡಿಗೆ?”

“ಆ ಯಮ್ಮ ಮಾಡ್ದೇ ಇರೋದ್ನ ಒಪ್ಕೊಂಡು ಕುಂತವ್ರೆ. ನೀವು ಮಾಡಿರೋದ್ನ ಒಪ್ಕೊಳಾಕೆ ಅಂಗ್ಡಿ ಲೆಕ್ಕ ಆಕ್ತೀರಲ್ಲ.”

ಒಂದು ಭಾನುವಾರ ಅವನು ಹೊಳೆನರಸೀಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಬಾಗಿಲು ತೆಗೆದ ಅಂಬುಜಮ್ಮ ಕೂರಿಸಿ ಕಾಫಿ ಕೊಟ್ಟರು. ಮೈತ್ರೇಯಿ ಬಂದು ಎದುರಿಗೆ ಕೂತರು. ಇಳಿದುಹೋಗಿದ್ದರು.

“ಕನ್ನಡಿ ನೋಡಿದ್ದೆ ಅಂತ ಮೊದಮೊದಲು ನೆನಪಿತ್ತು,” ಎಂದರು ಆಕೆ, ಕೇಳದೆಯೇ. “ಈಗ ಯೋಚನೆ ಮಾಡಿದ್ರೆ, ನೋಡೇ ಇರ್ಲಿಲ್ವೇನೋ ಅನ್ಸತ್ತೆ. ಎಲ್ಲಾ ಕಾಣತ್ತೆ ಅಂತ ನೀವೇ ನೋಡಿ ಹೇಳಿದ್ರಿ, ನೋಡಿದ್ರೆ ಕಾಣ್ಬೇಕಿತ್ತಲ್ಲ. ತಮ್ಮಯ್ಯನವರ ಮನೆಗೆ ಹೋಗಿದ್ದೆ. ಅವರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿಯಿತ್ತು.”

ಹೇಳು, ಹೇಳು ಎಂದು ಒಳಗೆ ಒದ್ದಂತಾಯಿತು. ಲೋಟ ಕೆಳಗಿಟ್ಟ.

“ನಿಮ್ ತಪ್ಪಿಲ್ಲ ಮೇಡಂ,” ಎಂದ.

ಆಕೆಯ ಕಣ್ಣು ತುಂಬಿತು. “ಎಲ್ರೂ ಹಾಗೇ ಸಮಾಧಾನ ಹೇಳ್ತಾರೆ.”

“ಅಲ್ಲಿಂದ ಇಲ್ಲೀತನಕ ಬಂದು ಹೇಳೋದು ದೊಡ್ಡ ಗುಣ ಕಣಪ್ಪ,” ಎಂದರು ಅಂಬುಜಮ್ಮ. “ಇನ್ನರ್ಧ ಲೋಟ ಹಾಕ್ಲಾ?”

ಇನ್ನೊಂದೇ ವಾಕ್ಯ ಬಾಕಿಯಿತ್ತು. ಆ ವಾಕ್ಯದ ಜಾಗದಲ್ಲಿ ನಟರಾಜು ಇನ್ನರ್ಧ ಲೋಟ ಕಾಫಿ ಕುಡಿದ. ಒಳ್ಳೆಯವನೆಂಬ ಹೆಸರು ಹೊತ್ತು ಬಸ್ಸಿಗೆ ನಡೆದ.

ಅವನೀಗ ಸೀಟಿನ ಮೇಲೆ ಪೇಪರು ಹಾಸಿ, ಕೂತು ನೋಡದೆ ಯಾವ ಗಾಡಿಯನ್ನೂ ಬಿಡುವುದಿಲ್ಲ. ಏನು ಶ್ರದ್ಧೆ ಎನ್ನುತ್ತಾರೆ ಗಿರಾಕಿಗಳು. ಮೈತ್ರೇಯಿ ಸ್ಕೂಲಿಗೆ ಬಸ್ಸಿನಲ್ಲಿ ನಿಂತು ಹೋಗುತ್ತಾರೆ. ಕೋರ್ಟಿನ ತಾರೀಕು ಬಂದಿದೆ. ಅಲ್ಲಿಯೂ ತಪ್ಪು ತನ್ನದೇ ಎನ್ನಲಿದ್ದಾರೆ. ನಟರಾಜುವಿಗೆ ಆ ತಾರೀಕು ಗೊತ್ತು. ದಿನ ಎಣಿಸುತ್ತಿದ್ದಾನೆ, ಎದ್ದು ಹೋಗುತ್ತಿಲ್ಲ.

ಅವನನ್ನು ಬೈದು ಓದುತ್ತಿರುವ ಈ ಪೇಪರು ಮಡಚಿಡಬೇಡಿ. ನೀವು ಕೆಡಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು ಕೂತಿರುವ ಒಬ್ಬರು ಇದ್ದಾರೆ. ಯಾರೆಂದು ನಿಮಗೆ ಗೊತ್ತು. ಇವತ್ತೇ ಅವರ ಮನೆಗೆ ಹೋಗಿ. ಸಮಾಧಾನ ಹೇಳಬೇಡಿ. ಮಾಡಿದ್ದನ್ನು ಹೇಳಿ.