ತಾರೀಖು ಬೀಳದ ಪುಸ್ತಕ

ಇವತ್ತು ನಮ್ಮ ಗೋವಿಂದರಾಜನಗರದ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬಂದಿದ್ದರು, ಗೆಳೆಯರೇ. ವರ್ಷವಿಡೀ ಬೀಗ ಹಾಕಿದ್ದ ಲೈಬ್ರರಿ ಬೀರುವನ್ನು ಬೆಳಿಗ್ಗೆ ಹೆಡ್‌ಮಾಸ್ಟರು ತೆಗೆದು, ರಬ್ಬರ್ ಸ್ಟ್ಯಾಂಪು ನನ್ನ ಕೈಗಿಟ್ಟರು.

"ಎಲ್ಲಾ ಬುಕ್ಕಿನ ಹಿಂದೆ ಒಂದೆರಡು ಡೇಟು ಒತ್ತೋ. ಮಕ್ಳು ತಗೊಂಡ್ಹೋಗಿ ಓದಿದಾರೆ ಅಂತ ಕಾಣ್ಬೇಕು."

ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಈ ಲೈಬ್ರರಿ ಕೆಲಸ ಕೊಟ್ಟವರು ಅವರೇ. ಹಲ್ಲು ಕಚ್ಚಿಕೊಂಡು ಒತ್ತಿದೆ. ಕೊನೆಗೆ ನಾನೇ ಬರೆದ ಮಕ್ಕಳ ಕಥೆಪುಸ್ತಕ ಕೈಗೆ ಬಂತು. ಹಿಂದಿನ ಚೀಟಿ ಪೂರ್ತಿ ಖಾಲಿ. ಒಂದು ಮಗುವಾದರೂ ನಿಜವಾಗಿ ಓದಲಿ ಎಂದು ಬರೆದದ್ದು ಅದು. ಅದಕ್ಕೆ ಮಾತ್ರ ಸುಳ್ಳು ತಾರೀಖು ಒತ್ತಲು ಕೈ ಬರಲಿಲ್ಲ.

ಇನ್‌ಸ್ಪೆಕ್ಟರ್ ಅದನ್ನೇ ಎಳೆದರು. "ಇದನ್ನ ಯಾರೂ ಮುಟ್ಟೇ ಇಲ್ವಲ್ರೀ?"

"ಅದು ಇವನೇ ಬರೆದಿದ್ದು ಸಾರ್," ಎಂದರು ಹೆಡ್‌ಮಾಸ್ಟರು. ಇಬ್ಬರೂ ನಕ್ಕರು.

ಲೈಬ್ರರಿ ಚೆನ್ನಾಗಿ ನಡೆಯುತ್ತಿದೆ ಎಂದು ಬರೆದುಕೊಟ್ಟು ಇನ್‌ಸ್ಪೆಕ್ಟರ್ ಹೊರಟರು. ಹೆಡ್‌ಮಾಸ್ಟರು ನನ್ನತ್ತ ತಿರುಗಿದರು.

"ನಿಂದಕ್ಕೂ ಒಂದು ಒತ್ತಿದ್ರೆ ನಿನ್ನ ಗಂಟೇನ್ ಹೋಗ್ತಿತ್ತೋ?"

"ಕೀ ನನ್ಹತ್ರ ಬಿಡಿ ಸಾರ್. ಒಂದು ಮಗು ಓದ್ಲಿ, ಆಮೇಲೆ ಒತ್ತೀನಿ."

"ಮಕ್ಳ ಕೈಗೆ ಕೊಟ್ರೆ ಹರಿದಾಕ್ತವೆ ಕಣೋ!" ಬೀಗ ಹಾಕಿ ಕೀ ಜೇಬಿಗಿಳಿಸಿದರು.

ಸಂಜೆ ಎಲ್ಲರೂ ಹೋದ ಮೇಲೆ ಬೀರುವಿನ ಗಾಜಿನಾಚೆ ನನ್ನ ಪುಸ್ತಕ ನೋಡುತ್ತಾ ಒಬ್ಬನೇ ನಿಂತಿದ್ದೆ. ಅಷ್ಟೂ ಪುಸ್ತಕಗಳಲ್ಲಿ ನಿಜ ಹೇಳುತ್ತಿರುವುದು ಅದೊಂದೇ. ಅದೂ ಕಟ್ಟುಕಥೆ.