ಹೆಣ್ಣು ನೊಣದ ವಾಸನೆಯ ಪೊಟ್ಟಣ

ನನ್ನ ಗಂಡನ ಅಣ್ಣನಿಗೆ ಗೊತ್ತಿಲ್ಲದ ವಿದ್ಯೆಯಿಲ್ಲ. ತೆಂಗಿನ ಸುಳಿ ಕೊರೆಯುವ ದುಂಬಿಗೆಂದು ಅವರು ತೋಟದಲ್ಲಿ ಒಂದು ಬಕೆಟ್ ತೂಗುಹಾಕಿದ್ದರು. ಅದರಲ್ಲಿದ್ದ ಪೊಟ್ಟಣದ ವಾಸನೆಗೆ ಬಂದ ದುಂಬಿ ನೀರಿಗೆ ಬಿದ್ದು ಸಾಯುತ್ತಿತ್ತು. ಸತ್ತ ದುಂಬಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಮಾಯಸಂದ್ರದ ಟೀ ಅಂಗಡಿಯಲ್ಲಿ ತೋರಿಸಿ ಬಂದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ.

ಆ ವರ್ಷ ನಮ್ಮ ಹಸುವಿನ ಎಡಗಣ್ಣು ಪೊರೆ ಕಟ್ಟಿ ಹೋಗಿತ್ತು. ಬಲಗಣ್ಣಿನಲ್ಲೂ ನೀರು ಸುರಿಯಲು ಶುರುವಾದಾಗ ಪಶುವೈದ್ಯರು ಔಷಧಿ ಕೊಟ್ಟರು. ರೋಗವನ್ನು ಕಣ್ಣಿಂದ ಕಣ್ಣಿಗೆ ಹೊರುವುದು ನೊಣ, ಹೆಣ್ಣು ನೊಣ ಸಗಣಿಯ ವಾಸನೆ ಹಿಡಿದು ಮೊಟ್ಟೆಯಿಡಲು ಬರುತ್ತದೆ, ಮೊದಲು ತಿಪ್ಪೆಯನ್ನು ದೂರ ಹಾಕಿ ಎಂದರು. ನಮ್ಮ ತಿಪ್ಪೆ ಕೊಟ್ಟಿಗೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು.

ಮನೆಯಲ್ಲಿ ಹೇಳಿದೆ.

"ದೀಪಾವಳೀಲಿ ಹೂವಿಟ್ಟು ಪೂಜೆ ಮಾಡೋ ತಿಪ್ಪೆ ಕಣಮ್ಮ. ಉಗಾದಿ ಕಳೀದೆ ಎತ್ತಿದ್ರೆ ಲಕ್ಷ್ಮಿ ಹೊಂಟೋಯ್ತಾಳೆ" ಎಂದರು ಭಾವ.

ಹಸುವಿಗೆ ಕಣ್ಣು ಹೋದರೆ ಲಕ್ಷ್ಮಿ ಉಳಿಯುತ್ತಾಳೋ ಎಂದು ಕೇಳಬೇಕಿತ್ತು.

ಮೂರನೆಯ ದಿನ ಭಾವ ತಿಪಟೂರಿನಿಂದ ಇನ್ನೊಂದು ಪೊಟ್ಟಣವನ್ನೂ ಅಂಟುಹಾಳೆಯನ್ನೂ ತಂದರು. ಹೆಣ್ಣು ನೊಣ ಗಂಡನ್ನು ಸೆಳೆಯುವ ವಾಸನೆಯಂತೆ, ಕಾರ್ಖಾನೆಯಲ್ಲಿ ಮಾಡಿದ್ದು.

"ಗಂಡು ನೊಣ ಹೆಣ್ಣು ಅಂದ್ಕೊಂಡು ಓಡಿ ಬತ್ತವೆ, ಅಂಟಿಗೆ ಸಿಕ್ಕಿ ಸಾಯ್ತವೆ. ಗಂಡೇ ಇಲ್ದಿದ್ಮೇಲೆ ಮರಿ ಎಲ್ಲಿಂದ ಬತ್ತವೆ?"

ದನ ಕಟ್ಟುವ ಜಾಗದಿಂದ ದೂರ ಹಾಕಬೇಕೆಂದು ಪೊಟ್ಟಣದ ಮೇಲೆ ಕನ್ನಡದಲ್ಲೇ ಅಚ್ಚಾಗಿತ್ತು. ತೋರಿಸಿದೆ.

"ದುಂಬಿ ಬಕೆಟ್ ತೋಟದೊಳಗೇ ಹಾಕ್ಲಿಲ್ವಾ? ಸುಮ್ನಿರಮ್ಮ" ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಹಸು ಮೇಯುವ ಗೊಂತಿನ ಮೇಲಿನ ತೊಲೆಗೆ, ಅದರ ಮುಖದಿಂದ ಎರಡು ಮೊಳ ದೂರದಲ್ಲಿ ಕಟ್ಟಿದರು.

ಬಂದವು ನೋಡಿ ನೊಣಗಳು. ಗಂಡನ್ನು ಕರೆಯಲು ಪೊಟ್ಟಣ, ಹೆಣ್ಣನ್ನು ಕರೆಯಲು ತಿಪ್ಪೆ. ನಮ್ಮ ಕೊಟ್ಟಿಗೆ ಮದುವೆ ಛತ್ರವಾಯಿತು. ಹಾಳೆ ಒಂದೇ ದಿನಕ್ಕೆ ಕಪ್ಪಾಗಿ ಜಾಗ ಸಾಲದೆ, ಮಿಕ್ಕವೆಲ್ಲ ಹಸುವಿನ ಕಣ್ಣಿನ ಸುತ್ತ ಕೂತವು. ಭಾವ ಮಾತ್ರ ಆ ಹಾಳೆಯನ್ನು ಬಂದವರಿಗೆಲ್ಲ ಪದಕದಂತೆ ತೋರಿಸಿದರು. ಪಕ್ಕದ ಮನೆಯಾಕೆ, "ನಿಮ್ಮ ಭಾವ ದೇವ್ರಂಥೋರು ಕಣೇ, ನಮ್ಮ ಕೊಟ್ಟಿಗೇಲಿ ಈಗ ನೊಣವೇ ಇಲ್ಲ" ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ.

ಎರಡು ವಾರಕ್ಕೆ ಬಲಗಣ್ಣೂ ಬೆಳ್ಳಗಾಯಿತು. ಹಸು ನೀರಿನ ಬಾನಿಗೆ ಕಾಲು ತಗುಲಿಸಿಕೊಂಡು ಮುಗ್ಗರಿಸಿದ್ದನ್ನು ಕಂಡ ಬೆಳಿಗ್ಗೆ ನಾನು ಪೊಟ್ಟಣವನ್ನು ಕಿತ್ತು ಎಸೆದು, ಗುದ್ದಲಿ ಹಿಡಿದು ತಿಪ್ಪೆಗೆ ಇಳಿದೆ.

"ಇವತ್ತು ಶುಕ್ರವಾರ ಕಣಮ್ಮ" ಎಂದರು ಭಾವ.

"ಆಗ್ಲಿ ಬುಡಿ" ಎಂದೆ. ಸಂಜೆಯ ಹೊತ್ತಿಗೆ ತಿಪ್ಪೆಯೆಲ್ಲ ತೋಟದ ಆಚೆ ಮೂಲೆಗೆ ಹೋಗಿತ್ತು. ಲಕ್ಷ್ಮಿ ಹೋದದ್ದನ್ನು ಯಾರೂ ಕಾಣಲಿಲ್ಲ. ನೊಣ ಕಡಿಮೆಯಾಯಿತು, ಕಣ್ಣು ಬರಲಿಲ್ಲ.

ಈಗ ಹಸು ವಾಸನೆಯಿಂದಲೇ ನಮ್ಮನ್ನು ಗುರುತು ಹಿಡಿಯುತ್ತದೆ. ಭಾವ ಹತ್ತಿರ ಬಂದರೆ ಹಗ್ಗ ಜಗ್ಗುತ್ತದೆ. ನಾನು ಹೋದರೆ ಮೂತಿ ಚಾಚಿ ಕೈ ನೆಕ್ಕುತ್ತದೆ. ನನಗೆ ಆಗ ತಲೆಯೆತ್ತಲು ಆಗುವುದಿಲ್ಲ. ಭಾವ ದಡ್ಡರೆಂದು ನನಗೆ ಮದುವೆಯಾಗಿ ಬಂದ ವರ್ಷವೇ ಗೊತ್ತಿತ್ತು. ಗುದ್ದಲಿ ಆ ಎರಡು ವಾರವೂ ಕೊಟ್ಟಿಗೆಯ ಬಾಗಿಲಲ್ಲೇ ಇತ್ತು.