ಹೂವಿಲ್ಲದ ಬೋಗಿ

ಎಲ್ಲವೂ ಎಂದಿನ ಹಾಗೆ ಇದ್ದ ಕೊನೆಯ ದಿನ ಒಂದು ಬುಧವಾರ. ಅವರೆಕಾಯಿ ಕಾಲ. ನಾನು ಲಕ್ಕೂರು ರಸ್ತೆಯ ಇಟ್ಟಿಗೆ ಗೂಡಿನ ಕೆಲಸ ಮುಗಿಸಿ ಮಾಲೂರಿನ ಮನೆಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಬೆಂಗಳೂರಿನಿಂದ ಬಂದು ಒಲೆ ಹಚ್ಚಿದ್ದಳು. ಪಕ್ಕದಲ್ಲಿ ಸ್ಟೀಲ್ ಡಬ್ಬಿ ತುಂಬ ಹಿತಕಿದ ಬೇಳೆ.

"ಇಷ್ಟನ್ನೂ ಒಬ್ಬಳೇ ಹಿತಕಿದ್ಯಾ?" ಅಂದೆ.

"ಮತ್ತೆ? ನೀವು ಬಂದಿದ್ರಾ ಹಿತಕೋಕೆ?"

ಅವಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೆಡ್‌ಶೀಟು, ಗೌನುಗಳನ್ನು ಒಗೆಸಿ ಮಡಿಸಿಡುವ ವಿಭಾಗದಲ್ಲಿದ್ದಳು. ಹೋಗುವುದೂ ಬರುವುದೂ ರೈಲಿನಲ್ಲಿ, ಹೆಂಗಸರ ಬೋಗಿಯಲ್ಲಿ. ಬೆಳಗಿನ ರೈಲಿನಲ್ಲಿ ಕಾಯಿ ಸುಲಿದು, ಕಾಳನ್ನು ಕೆಲಸದ ಜಾಗದಲ್ಲಿ ನೀರಿಗೆ ಹಾಕಿಟ್ಟು, ಸಂಜೆಯ ರೈಲಿನಲ್ಲಿ ಸಿಪ್ಪೆ ಹಿತಕಿಕೊಂಡು ಬರುವುದು ಅವಳ ಪದ್ಧತಿ. ಆ ದಿನ ಬೇಳೆ ಸಾರು, ಮುದ್ದೆ. ಉಂಡೆವು. ಮಾತು ಹೆಚ್ಚೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತು ಯಾವತ್ತೂ ಅಷ್ಟೇ. ಅಷ್ಟು ದೂರ ಓಡಾಡಿ ದಣಿದಿರುತ್ತಾಳೆ ಅಂದುಕೊಳ್ಳುತ್ತಿದ್ದೆ.

ಮಾರನೆಯ ಸಂಜೆ ಅವಳ ರೈಲು ಎರಡನೇ ಪ್ಲಾಟ್‌ಫಾರಂಗೆ ಬಂತು. ಮೇಲ್ಸೇತುವೆ ಸುತ್ತು ಅಂತ ಎಲ್ಲರೂ ಮಾಡುವ ಹಾಗೆ ಅವಳೂ ಹಳಿಗೆ ಇಳಿದು ದಾಟಲು ಹೋದಳು. ನಡುವಿನ ಹಳಿಯಲ್ಲಿ, ಮಾಲೂರಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಬಂತು.

ನಾನು ಓಡಿಹೋಗುವಷ್ಟರಲ್ಲಿ ಸ್ಟೇಷನ್ನಿನ ಪಾಯಿಂಟ್ಸ್‌ಮನ್, ಅಂದರೆ ಬಾವುಟ ತೋರಿಸುವವರು, ತಮ್ಮ ಜರ್ಕಿನ್ ಬಿಚ್ಚಿ ಅವಳಿಗೆ ಹೊದಿಸಿ ಪಕ್ಕದಲ್ಲೇ ಕೂತಿದ್ದರು. ನಾನು ಜರ್ಕಿನ್ ಎತ್ತಲು ಹೋದೆ. ಕೈ ಹಿಡಿದರು.

"ಮುಖ ಬೇಡ ಸಾರ್. ಕಾಲು ನೋಡಿ. ಗುರ್ತು ಸಿಗುತ್ತೆ."

ಕಾಲುಂಗುರ ನೋಡಿದೆ. ಅವಳೇ. ಪೊಲೀಸರು ಬರುವವರೆಗೂ ಅವರು ಅಲ್ಲಿಂದ ಏಳಲಿಲ್ಲ, ನೊಣ ಓಡಿಸುತ್ತ ಕೂತಿದ್ದರು. ಆ ಮನುಷ್ಯನಿಗೆ ಕೈ ಮುಗಿಯಬೇಕಿತ್ತು. ಅವಳ ಮುಖವನ್ನು ಕೊನೆಗೆ ನೋಡಿದ್ದು ನೀನು, ನಾನಲ್ಲ, ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಅವಳ ಬೋಗಿಯ ಹೆಂಗಸರು ಮನೆಗೆ ಬಂದರು. ಏಳೆಂಟು ಜನ. ಎಲ್ಲರಿಗಿಂತ ಹಿರಿಯರು ಬೆಂಗಳೂರಿನಲ್ಲಿ ಬ್ಲೌಸು ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ನನ್ನ ಮಗಳು ಶ್ರೀನಿವಾಸಪುರದ ಗಂಡನ ಮನೆಯಿಂದ ಬಂದಿದ್ದಳು. ಆಪಾ ಅವಳ ತಲೆ ಸವರುತ್ತ, "ನಿಮ್ಮನೆ ಮಾವಿನಹಣ್ಣು ಎಷ್ಟು ತಿಂದಿದೀವಿ ಕಣೇ ನಾವು. ಮೊದಲನೇ ಬುಟ್ಟಿ ಯಾವಾಗಲೂ ಬೋಗೀಗೇ ಬರ್ತಿತ್ತು" ಅಂದರು.

ಮಗಳ ಮನೆಯಿಂದ ಬರುವ ಮೊದಲ ಬುಟ್ಟಿ. ಮನೆಗೆ ಬಂದದ್ದೇ ಮೊದಲನೆಯದು ಅಂತ ನಾನು ತಿಳಿದಿದ್ದೆ.

ಅವರಲ್ಲೊಬ್ಬಳು ಚಿಕ್ಕ ವಯಸ್ಸಿನವಳು, ಮುಳಬಾಗಿಲು ಕಡೆಯವಳು, ಅಳುತ್ತಲೇ, "ಬುಧವಾರ ಕೂಡ ನಾವೆಲ್ಲ ಸೇರಿ ಹಿತಕಿ ಕೊಟ್ವಿ ಅಂಕಲ್. ಅಕ್ಕನ ಡಬ್ಬೀನೇ ಮೊದಲು ತುಂಬಿಸ್ತಿದ್ವಿ" ಅಂದಳು. ನಾನು ಉಂಡ ಬೇಳೆಯನ್ನು ಎಷ್ಟು ಜನ ಬೆರಳಲ್ಲಿ ಹಿಡಿದಿದ್ದರೋ. ಅವರು ಹೋದ ಮೇಲೆ ಮಗಳು, "ಎಷ್ಟು ಒಳ್ಳೇವರು ಅಲ್ವೇನಪ್ಪಾ" ಅಂದಳು. ನನ್ನ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅನ್ನುವುದಕ್ಕೆ ಆ ಹೆಸರು ಸುಮ್ಮನೆ ಇಟ್ಟಿಲ್ಲ.

ಆಮೇಲೆ ನಾನು ಸಂಜೆ ಸ್ಟೇಷನ್ನಿಗೆ ಹೋಗಿ ಕೂರಲು ಶುರು ಮಾಡಿದೆ. ಅವರು ಅವಳಿಲ್ಲದೆ ಹೇಗಿದ್ದಾರೆ ಎಂದು ನೋಡಬೇಕಿತ್ತು. ಕೆಲವು ವಾರ ಇಡೀ ರೈಲಿನ ಜನ ಮೇಲ್ಸೇತುವೆ ಹತ್ತಿಯೇ ಬಂದರು. ಹಳಿ ಹತ್ತಿರ ಯಾರೂ ಸುಳಿಯಲಿಲ್ಲ. ಬಿಸಿಲು ಏರುತ್ತ ಒಬ್ಬೊಬ್ಬರಾಗಿ ಮತ್ತೆ ಹಳಿಗೆ ಇಳಿದರು. ಪಾಯಿಂಟ್ಸ್‌ಮನ್ ಸೀಟಿ ಊದಿ ಬೈಯುತ್ತಿದ್ದರು.

"ಏನ್ಲಾ, ಸಾಯೋಕೆ ನನ್ನ ಡ್ಯೂಟೀನೇ ಬೇಕೇನ್ಲಾ ನಿಮಗೆ? ಬೇರೆಯವರ ಡ್ಯೂಟಿ ನೋಡ್ಕೊಳ್ರೋ."

ಬೈಸಿಕೊಂಡವರು ನಗುತ್ತಿದ್ದರು. ಬೈದವರೂ ನಗುತ್ತಿದ್ದರು. ಆಮೇಲೆ ನನ್ನ ಪಕ್ಕ ಬಂದು ಕೂತು ಟೀ ತರಿಸುತ್ತಿದ್ದರು. ಅವಳ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ದಿನ ಅವರಾಗಿಯೇ ಹೇಳಿದರು: ಆ ಎಕ್ಸ್‌ಪ್ರೆಸ್ಸಿನ ಡ್ರೈವರ್ ಕೆಲವು ದಿನ ರಜದಲ್ಲಿದ್ದು ಮತ್ತೆ ಡ್ಯೂಟಿಗೆ ಬಂದಿದ್ದಾರೆ. ಮೊನ್ನೆ ಸಿಗ್ನಲ್ಲಿಗೆ ನಿಂತಾಗ ಕಿಟಕಿಯಿಂದ ಬಗ್ಗಿ, ಆ ಅಮ್ಮನ ಮನೆಯವರು ಹೇಗಿದ್ದಾರೆ ಅಂತ ಕೇಳಿದರು.

"ನೀವು ಏನಂದ್ರಿ?"

"ಟೀ ಕುಡೀತಾರೆ ಅಂದೆ."

"ಅಷ್ಟೇನಾ?"

"ಇನ್ನೇನು ಹೇಳ್ಲಿ ಸಾರ್? ಅವರಿಗೂ ಊಟ ಸೇರ್ಬೇಕಲ್ಲ. ಆ ದಿನ ಹಾರ್ನ್ ಮೇಲಿಂದ ಕೈ ತೆಗೀಲಿಲ್ಲ ಅವರು. ಈಗಲೂ ಮಾಲೂರು ಬಂದ್ರೆ ಒಂದೇ ಸಮ ಹೊಡೀತಾರೆ."

ಅವರಿಬ್ಬರ ನಡುವೆ ಅವಳ ವಿಷಯದಲ್ಲಿ ಏನೋ ಇದೆ, ನನಗೆ ಅದರಲ್ಲಿ ಪಾಲಿಲ್ಲ ಅನ್ನಿಸಿ ಟೀ ಅರ್ಧಕ್ಕೆ ಬಿಟ್ಟು ಎದ್ದೆ.

ದಸರಾ ಬಂತು. ನಮ್ಮ ಕಡೆ ದಿನಾ ಓಡಾಡುವ ರೈಲಿಗೆ ಜನ ಆಯುಧಪೂಜೆ ಮಾಡುತ್ತಾರೆ. ಹಬ್ಬದ ದಿನ ಕೆಲಸಕ್ಕೆ ರಜ, ಅದಕ್ಕೇ ಪೂಜೆ ಒಂದು ದಿನ ಮುಂಚೆ. ಪ್ರತಿ ಬೋಗಿಗೂ ಮಾವಿನ ಸೊಪ್ಪು, ಚೆಂಡುಹೂವು, ಇಂಜಿನ್ನಿಗೆ ಬಾಳೆಕಂದು. ಪೂಜೆಗೆ ಎರಡು ದಿನ ಇರುವಾಗ ಪಾಯಿಂಟ್ಸ್‌ಮನ್ ಹೇಳಿದರು, "ಈ ಸಲ ಲೇಡೀಸ್ ಬೋಗಿಗೆ ಹಬ್ಬ ಇಲ್ವಂತೆ ಸಾರ್. ಮನೇಲಿ ಸಾವಾಗಿ ವರ್ಷ ತುಂಬಿಲ್ಲ ಅಂತಾರೆ."

ಮನೆಯಲ್ಲಿ. ನನ್ನ ಮನೆಯಲ್ಲಿ ಯುಗಾದಿ ಇರಲಿಲ್ಲ, ಗೌರಿ ಹಬ್ಬ ಇರಲಿಲ್ಲ. ಒಲೆಯ ಮೇಲೆ ಕರಿಯುವ ಬಾಣಲೆ ಇಟ್ಟಿರಲಿಲ್ಲ. ಅವಳ ಹೆಸರಿನಲ್ಲಿ ನನ್ನ ಹತ್ತಿರ ಉಳಿದದ್ದು ಅದೊಂದೇ, ಹಬ್ಬ ಬಿಡುವುದು. ಅದಕ್ಕೂ ಇವರು ಕೈ ಹಾಕಿದ್ದರು.

ಪೂಜೆಯ ಬೆಳಿಗ್ಗೆ ರೈಲಿಗೆ ಮುಂಚೆಯೇ ಹೋಗಿ ಆಪಾ ಎದುರು ನಿಂತೆ.

"ಹಬ್ಬ ಬಿಡೋರು ಮನೆಯವರು. ನೀವು ಯಾಕೆ ಬಿಡ್ತೀರಿ? ಪೂಜೆ ಮಾಡಿ."

ಆಪಾ ನನ್ನನ್ನೇ ನೋಡಿದರು. "ಮನೆಯವರು ಅಂದ್ರೆ ಯಾರು ಭಾಯ್?"

"ನಾನು. ನನ್ನ ಮಗಳು."

"ಹೌದು. ಮತ್ತೆ ಬೆಳಿಗ್ಗೆ ಅವಳಿಗೆ ತಿಂಡಿ ಕೊಡ್ತಿದ್ದೋರು? ತಲೆ ಹಿಕ್ಕಿ ಜಡೆ ಹಾಕ್ತಿದ್ದೋರು? ಖಾಲಿ ಹೊಟ್ಟೇಲಿ ಬರೋಳು, ನಿಮಗೆ ಅಡಿಗೆ ಮಾಡಿಟ್ಟು. ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

"ಹೂವಿನ ಚೀಲ ಪ್ರತಿ ವರ್ಷ ನಾನೇ ತರೋದು" ಅಂದರು ಆಪಾ, ದನಿ ತಗ್ಗಿಸಿ. "ನಮ್ಮ ಬಾಗಿಲಿಗೆ ಕುಂಕುಮ ಇಡೋಳು ಅವಳು. ಇನ್ನೊಬ್ಬಳ ಕೈಲಿ ಇಡಿಸು ಅಂತೀರಾ? ಹೇಳಿ, ಇಡಿಸ್ತೀನಿ."

ಹೌದು ಅನ್ನಬೇಕು ಅಂತಲೇ ಬಂದಿದ್ದೆ. ಬೇಡ ಅಂತ ತಲೆಯಾಡಿಸಿದೆ.

ರೈಲು ಬಂತು. ಇಂಜಿನ್ನಿನಿಂದ ಹಿಡಿದು ಪ್ರತಿ ಬಾಗಿಲಲ್ಲೂ ಹಳದಿ ಹೂವು. ಒಂದು ಬೋಗಿ ಮಾತ್ರ ಬೋಳು. ಅಷ್ಟು ಉದ್ದದ ರೈಲಿನಲ್ಲಿ ಅದೊಂದೇ ನನ್ನ ಮನೆಯ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನನಗಿಂತ ಚೆನ್ನಾಗಿ ದುಃಖಪಡುತ್ತಾರಲ್ಲ ಅನ್ನಿಸಿತು.

"ಒಳಗೆ ಬನ್ನಿ ಅನ್ನೋಕಾಗಲ್ಲ, ಫೈನ್ ಹಾಕ್ತಾರೆ" ಅಂದರು ಆಪಾ. "ಪಕ್ಕದ್ದು ಹತ್ತಿ. ಮಧ್ಯೆ ಜಾಲರಿ ಇದೆ. ಅದರ ಹತ್ತಿರ ಕೂತ್ಕೊಳ್ಳಿ."

ಟಿಕೆಟ್ ಇಲ್ಲದೆಯೇ ಹತ್ತಿದೆ. ಜಾಲರಿಯ ಆಚೆ ಹೆಂಗಸರು, ಈಚೆ ನಾನು. ಅವಳು ಕೂರುತ್ತಿದ್ದ ಜಾಗ ತೋರಿಸಿದರು, ಕಿಟಕಿಯಿಂದ ಎರಡನೆಯದು. ಅಲ್ಲಿ ಯಾರೋ ಕಾಲೇಜು ಹುಡುಗಿ ಕೂತಿದ್ದಳು. ರೈಲು ಹೊರಟ ಮೇಲೆ ಮುಳಬಾಗಿಲಿನವಳು ಆಪಾ ಕಡೆ ನೋಡಿ, "ಹೇಳ್ಲಾ?" ಅಂದಳು.

"ಹೇಳು. ಬೈದ್ರೆ ನನ್ನ ಬೈಲಿ."

"ಅಂಕಲ್, ನೀವು ಸಂಜೆ ಫೋನ್ ಮಾಡ್ತಿದ್ರಲ್ಲ, ಅಕ್ಕ ಅದನ್ನ ಸ್ಪೀಕರಿಗೆ ಹಾಕೋಳು."

"ಯಾಕೆ?"

"ಫೋನಲ್ಲಿ ನಿಮ್ಮ ಹೆಸರು ಬಂದಿರುತ್ತೆ. ಆದ್ರೂ ನೀವು, ಹಲೋ, ನಾನು ಮಾತಾಡ್ತಿರೋದು, ಅಂತೀರಿ. ದಿನಾ. ಫೋನ್ ಇಟ್ಟ ತಕ್ಷಣ ಅಕ್ಕ ನಿಮ್ಮ ಥರಾನೇ ಗಂಟ್ಲು ದಪ್ಪ ಮಾಡಿ, ಹಲೋ, ನಾನು ಮಾತಾಡ್ತಿರೋದು, ಅನ್ನೋಳು. ನಾವೆಲ್ಲ, ಎವರಂಡಿ ಮೀರು, ಯಾರ್ರೀ ನೀವು, ಅಂತಿದ್ವಿ. ಆಮೇಲೆ ಅಕ್ಕ ತೆಲುಗಲ್ಲಿ ನಿಮ್ಮ ಕಥೆ ಶುರು ಮಾಡೋಳು. ನಕ್ಕು ನಕ್ಕು ಇಳಿಯೋ ಸ್ಟೇಷನ್ ಮರೀತಿದ್ವಿ."

ನನ್ನ ಹೆಂಡತಿಯ ತವರು ದೇವರಾಯಸಮುದ್ರ, ಮನೆಮಾತು ತೆಲುಗು. ನನಗೂ ಬರುತ್ತದೆ. ಆದರೆ ಹೆಣ್ಣು ನೋಡಲು ಹೋದ ದಿನ ನಮ್ಮಿಬ್ಬರ ಮಾತು ಕನ್ನಡದಲ್ಲಿ ಶುರುವಾಗಿ ಹಾಗೇ ಉಳಿದುಹೋಯಿತು. ಸಂಜೆಯ ಫೋನಿನಲ್ಲಿ ಅವಳ ಹಿಂದೆ ಜನರ ಸದ್ದೇ ಇರುತ್ತಿರಲಿಲ್ಲ. ಪಾಪ, ಖಾಲಿ ಬೋಗಿಯಲ್ಲಿ ಒಬ್ಬಳೇ ಬರುತ್ತಾಳೆ ಅಂದುಕೊಳ್ಳುತ್ತಿದ್ದೆ. ಬೋಗಿ ತುಂಬ ಜನ ಬಾಯಿಗೆ ಸೆರಗು ಅದುಮಿಕೊಂಡು ಕೂತಿರುತ್ತಿದ್ದರಂತೆ.

"ಇನ್ನೊಂದು ಸಲ ಮಾಡು" ಅಂದೆ.

ಅವಳು ಗಂಟಲು ದಪ್ಪ ಮಾಡಿದಳು. ಅದು ನನ್ನ ದನಿಯೇ. ನನ್ನ ಹೆಂಡತಿ ಅದನ್ನು ಎಷ್ಟು ಗಮನವಿಟ್ಟು ಕೇಳಿರಬೇಕು, ಇನ್ನೊಬ್ಬಳಿಗೆ ಕಲಿಸುವಷ್ಟು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಪಾ ಆಚೆ ತಿರುಗಿ ಕಣ್ಣು ಒರೆಸಿಕೊಂಡರು.

ಈಗಲೂ ಆಗಾಗ ಟಿಕೆಟ್ ತೆಗೆದು ಆ ಜಾಲರಿಯ ಹತ್ತಿರ ಕೂರುತ್ತೇನೆ. ಅವರು ನೆನಪಾದದ್ದನ್ನು ಹೇಳುತ್ತಾರೆ. ನಾನು ಮುದ್ದೆ ಮುರಿಯುವ ರೀತಿ, ಮಗಳ ಮದುವೆಯಲ್ಲಿ ಅಳುವುದನ್ನು ಮರೆಮಾಚಲು ಪಾತ್ರೆ ಎಣಿಸುತ್ತ ನಿಂತದ್ದು, ಅವಳು ಜ್ವರದಲ್ಲಿ ಮಲಗಿದಾಗ ನಾನು ಮಾಡಿದ ಗಂಜಿ. ಅವಳು ನನ್ನ ಬಗ್ಗೆ ಅವರಿಗೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡಿದ್ದೇನೆ. ಅವರ ಮೇಲಿನ ಹೊಟ್ಟೆಕಿಚ್ಚು ಹೋಗಿಲ್ಲ, ಹೋಗಲಿ ಅಂತ ಕಾಯುತ್ತಲೂ ಇಲ್ಲ. ಎಲ್ಲವನ್ನೂ ಅವರ ಬಾಯಲ್ಲಿ ಕೇಳಿದೆ. ಅವಳ ಬಾಯಲ್ಲಿ ಕೇಳಿದ್ದು ಒಂದೂ ಇಲ್ಲ.